ಆಟದಕ್ಕನ ನದಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ಐವತ್ತು ದಾಟಿದ ಹೆಂಗಸೊಬ್ಬರು ನಿಂತಿದ್ದಾರೆ. ದಿಂಬಿನ ಕವರಿನೊಳಗಿಂದ ಪುಸ್ತಕದಷ್ಟು ದೊಡ್ಡ ಯಂತ್ರವೊಂದನ್ನು ಹೊರತೆಗೆದು, ನೀಲಿ ಸಮವಸ್ತ್ರದ ತುದಿಯಿಂದ ಅದರ ಗಾಜು ಒರೆಸುತ್ತಾರೆ. ಇನ್ನೊಂದು ಕೈಯಲ್ಲಿದ್ದ ಮೊಬೈಲನ್ನು ಕಟ್ಟೆಯ ಮೇಲಿಟ್ಟು ಸಿಗ್ನಲ್ಲಿನ ಕಡ್ಡಿಗಳು ಏರುವುದನ್ನೇ ಕಾಯುತ್ತಾರೆ. ಒಂದು ಕಡ್ಡಿ, ಎರಡು ಕಡ್ಡಿ. ಯಂತ್ರದ ಪರದೆಯ ಮೇಲೆ ಸಣ್ಣದೊಂದು ಚಕ್ರ ತಿರುಗಲು ಶುರುವಾಗುತ್ತದೆ. ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ.

"ಯಜಮಾನ್ರು ಇನ್ನೂ ಎದ್ದಿಲ್ಲ ಅಂತ ಕಾಣುತ್ತೆ," ಎಂದು ಅವರು ಗೊಣಗುತ್ತಾರೆ. ಯಜಮಾನರೆಂದರೆ ಎಲ್ಲೋ ದೂರದ ದೇಶದಲ್ಲಿ ಕೂತು ಈ ಆಟವನ್ನು ಮಾಡಿ ಮಾರಿದ ಕಂಪನಿ. "ಅವರು ಎದ್ದು, ನಮ್ಮ ಮುಖ ನೋಡಿ, ಹೂಂ ಅಂದ್ರೆ ಮಾತ್ರ ಇವತ್ತು ಆಟ. ಇಲ್ಲಾಂದ್ರೆ ಇಲ್ಲ."

ಚಕ್ರ ನಿಲ್ಲುತ್ತದೆ. ಪರದೆಯ ತುಂಬ ನದಿಯೊಂದು ತೆರೆದುಕೊಳ್ಳುತ್ತದೆ. ಈಚೆಯ ದಡದಲ್ಲಿ ಒಂದು ಮರದ ದೋಣಿ, ಆಚೆ ದಡದಲ್ಲಿ ಮಸುಕು ಮಸುಕಾಗಿ ಕಾಣುವ ಒಂದು ಬಿಳಿ ಮನೆ. "ಹಾಜರಿ ಆಯ್ತು, ನಡೀರಿ," ಎಂದವರೇ ಯಂತ್ರವನ್ನು ಮತ್ತೆ ದಿಂಬಿನ ಕವರಿಗೆ ಸೇರಿಸಿ, ತುಂಬಿದ ಪಾತ್ರೆ ಹಿಡಿದವರಂತೆ ಎರಡೂ ಕೈಯಲ್ಲಿ ಹಿಡಿದು, ಮೆಟ್ಟಿಲಿಳಿಯುತ್ತಾರೆ. ಯಂತ್ರದ ಬ್ಯಾಟರಿ ಮುದಿಯಾಗಿದೆ. ಕೆಳಗಿನ ಕೋಣೆ ತಲುಪಿ ಪ್ಲಗ್ಗಿಗೆ ಸಿಕ್ಕಿಸುವಷ್ಟರಲ್ಲಿ ಅದು ಸತ್ತರೆ ಮತ್ತೆ ಮೇಲಕ್ಕೆ ಹತ್ತಬೇಕು, ಮತ್ತೆ ಯಜಮಾನರ ಬಾಗಿಲು ತಟ್ಟಬೇಕು.

ಆಸ್ಪತ್ರೆಯ ಲೆಕ್ಕದಲ್ಲಿ ಇವರು ವಾರ್ಡ್ ಸಹಾಯಕಿ. ನೆಲ ಒರೆಸುವುದು, ಚಾದರ ಬದಲಿಸುವುದು, ಬೆಡ್‌ಪ್ಯಾನ್ ತೊಳೆಯುವುದು, ರೋಗಿಗಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗಿ ಬರುವುದು ಇವರ ಕೆಲಸ. ಆಟ ಆಡಿಸಬೇಕು ಅಂತ ಯಾರೂ ಇವರಿಗೆ ಹೇಳಿಲ್ಲ. ಆದರೆ ಲಕ್ವ ಹೊಡೆದವರ ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಇವರು "ಆಟದಕ್ಕ". ದೊಡ್ಡ ಡಾಕ್ಟರೂ ಹಾಗೇ ಕರೆಯುತ್ತಾರೆ. "ನನ್ನ ನಿಜವಾದ ಹೆಸರು ಹಿಡಿದು ಕೂಗಿದ್ರೆ ಇನ್ಯಾರನ್ನೋ ಕರೀತಿದ್ದಾರೆ ಅಂದ್ಕೊಂಡು ಸುಮ್ನೆ ಹೋಗ್ತಾ ಇರ್ತೀನಿ," ಎಂದು ನಗುತ್ತಾರೆ.

ಆಟ ತುಂಬ ಸರಳ. ಯಂತ್ರದ ಎರಡು ಬದಿಗಳಿಂದ ಎರಡು ಪುಟ್ಟ ಹಿಡಿಗಳು ಕಳಚಿ ಬರುತ್ತವೆ. ಒಂದೊಂದು ಕೈಗೆ ಒಂದೊಂದು. ಅವನ್ನು ಹಿಡಿದು ಹುಟ್ಟು ಹಾಕಿದಂತೆ ಕೈಯಾಡಿಸಿದರೆ ಗೋಡೆಯ ಟಿ.ವಿ.ಯಲ್ಲಿ ದೋಣಿ ಚಲಿಸುತ್ತದೆ. ಎರಡೂ ಕೈ ಸಮನಾಗಿ ಎಳೆದರೆ ದೋಣಿ ನೇರ. ಒಂದೇ ಕೈ ಎಳೆದರೆ ಇದ್ದಲ್ಲೇ ಗಿರಗಿರ ಸುತ್ತು. ಲಕ್ವ ಹೊಡೆದ ಕೈಗೆ ಹಿಡಿ ನಿಲ್ಲುವುದಿಲ್ಲವಲ್ಲ, ಆಟದಕ್ಕ ಅದನ್ನು ಅಂಗೈಗೆ ಕ್ರೇಪ್ ಬ್ಯಾಂಡೇಜಿನಿಂದ ಸುತ್ತಿ ಕಟ್ಟುತ್ತಾರೆ. ಬಿಗಿಯಾದರೆ ರಕ್ತ ನಿಲ್ಲುತ್ತದೆ, ಸಡಿಲಾದರೆ ಹಿಡಿ ಜಾರುತ್ತದೆ. ಕಟ್ಟಿದ ಮೇಲೆ ಬೆರಳಿನ ತುದಿ ಒತ್ತಿ ಬಣ್ಣ ನೋಡಿ, "ಹೂಂ, ಹೊರಡ್ಲಿ ದೋಣಿ" ಎನ್ನುತ್ತಾರೆ. ದಿನಕ್ಕೆ ಎಂಟು ಹತ್ತು ಜನ ಹೀಗೆ ನದಿಗಿಳಿಯುತ್ತಾರೆ.

ಅವರಲ್ಲಿ ಒಬ್ಬರು ಗಾರೆ ಮೇಸ್ತ್ರಿ. ಗೋಡೆಯೊಂದನ್ನು ಮುಗಿಸಿ ಕೆಳಗಿಳಿಯುವಾಗ ಲಕ್ವ ಹೊಡೆದು ಬಿದ್ದರು. ಎದ್ದಾಗ ಬಲಗೈ ಅವರದ್ದಾಗಿರಲಿಲ್ಲ. ಕರಣೆ ಹಿಡಿದು ಊರಿನ ಅರ್ಧದಷ್ಟು ಮನೆಗಳಿಗೆ ಸಿಮೆಂಟು ಬಳಿದ ಕೈ ಈಗ ಮಡಿಲಲ್ಲಿ ಮಡಚಿ ಬಿದ್ದಿರುತ್ತದೆ. ಥೆರಪಿ ಮೇಡಂ ಅವರಿಗೆ ಬಣ್ಣದ ಮರದ ಗೂಟಗಳನ್ನು ರಂಧ್ರಕ್ಕೆ ತುಂಬಿಸುವ ಹಲಗೆ ಕೊಟ್ಟರೆ, ಎಡಗೈಯಲ್ಲಿ ಅದನ್ನು ಪಕ್ಕಕ್ಕೆ ತಳ್ಳಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರಂತೆ. "ಮನೆ ಕಟ್ಟಿದ ಕೈಗೆ ಈಗ ಮಕ್ಕಳ ಸಾಮಾನು ಕೊಡ್ತೀರಾ?" ಎಂದು ಗುಡುಗಿದರಂತೆ. ದೋಣಿಗೆ ಮಾತ್ರ ಅವರು ಒಲಿದರು. ಯಾಕೆ ಎಂದರೆ, "ಆಚೆ ದಡದಲ್ಲಿ ಒಂದು ಮನೆ ಇದೆಯಲ್ಲ, ಅದರ ಗೋಡೆ ಸೊಟ್ಟಗಿದೆ. ಹತ್ರ ಹೋಗಿ ನೋಡ್ಬೇಕು," ಎನ್ನುತ್ತಾರೆ. ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಹಾಸ್ಯವೋ ನಿಜವೋ ತಿಳಿಯುವುದಿಲ್ಲ.

ಲಕ್ವದ ಕೈಗೆ ಕಲಿಯುವ ಕಾಲ ಅಂತ ಒಂದಿದೆ. ಮೊದಲ ಕೆಲವು ತಿಂಗಳಲ್ಲಿ ಅದನ್ನು ಎಷ್ಟು ಆಡಿಸುತ್ತೇವೋ ಅಷ್ಟು ಅದು ಮರಳಿ ಬರುತ್ತದೆ, ಆ ಮೇಲೆ ನಿಧಾನಕ್ಕೆ ಬಿಗಿದುಕೊಳ್ಳುತ್ತದೆ ಎಂದು ಥೆರಪಿ ಮೇಡಂ ವಿವರಿಸುತ್ತಾರೆ. ಮೇಸ್ತ್ರಿಯ ಆ ಕಾಲ ಈಗ ನಡೆಯುತ್ತಿದೆ. ಅದು ಆಟದಕ್ಕನಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಅವರ ಗಂಡನಿಗೂ ಹೀಗೇ ಆಗಿತ್ತು. ಆಗ ಮಕ್ಕಳು ಚಿಕ್ಕವರು, ಇವರು ಈ ಕೆಲಸಕ್ಕೆ ಸೇರಿರಲಿಲ್ಲ. ಮನೆಗೆ ಕರೆತಂದು ಮಂಚದ ಮೇಲೆ ಮಲಗಿಸಿ, ಪಾಪ ನೋವಾಗುತ್ತದೆ ಎಂದು ಯಾರೂ ಆ ಕೈಯನ್ನು ಮುಟ್ಟಲೇ ಇಲ್ಲ. "ಪ್ರೀತಿ ಮಾಡಿ ಮಾಡಿನೇ ಆ ಕೈನ ಕಳೆದ್ವಿ. ಈಗಲೂ ಮುಷ್ಟಿ ಕಟ್ಕೊಂಡೇ ಇದೆ. ಎಡಗೈಯಲ್ಲೇ ಅನ್ನ, ಎಡಗೈಯಲ್ಲೇ ಬೀಗ, ನನ್ನ ಬೈಯ್ಯೋದಾದ್ರೂ ಎಡಗೈ ಎತ್ತಿನೇ ಬೈಯ್ಯೋದು," ಎನ್ನುವಾಗ ನಗುತ್ತಾರೆ.

ಇಷ್ಟಕ್ಕೂ ಈ ಯಂತ್ರ ಯಾರದ್ದು? ಇಲ್ಲಿಂದಲೇ ಗೋಜಲು ಶುರು. ಹಿಂದೆ ಇಲ್ಲಿದ್ದ ಥೆರಪಿಸ್ಟ್ ಒಬ್ಬರು ತಮ್ಮ ಕೈಯಿಂದ ದುಡ್ಡು ಹಾಕಿ ತಂದದ್ದು. ಯಂತ್ರವನ್ನು ಅಂಗಡಿಯಲ್ಲಿ ಕೊಂಡರು, ಆಟವನ್ನು ಇಂಟರ್ನೆಟ್ಟಿನಲ್ಲಿ ಕೊಂಡರು. ಪರದೆಯ ಮೇಲೆ "ಕೊಂಡುಕೊಳ್ಳಿ" ಎಂಬ ಗುಂಡಿ ಇತ್ತು, ಒತ್ತಿದರು, ದುಡ್ಡು ಹೋಯಿತು, ಆಟ ಬಂತು. ಡಿಸ್ಕಿಲ್ಲ, ಡಬ್ಬಿಯಿಲ್ಲ. ಆಮೇಲೆ ಅವರು ಬೇರೆ ದೇಶಕ್ಕೆ ಕೆಲಸಕ್ಕೆ ಹೋದರು, ಹೋಗುವಾಗ ಯಂತ್ರವನ್ನು ವಾರ್ಡಿಗೇ ಬಿಟ್ಟರು. ಆಟ ಮಾತ್ರ ಅವರ ಖಾತೆಯಲ್ಲಿಯೇ ಉಳಿಯಿತು. ಅವರ ಸಂಪರ್ಕ ಈಗ ಇಲ್ಲಿ ಯಾರಿಗೂ ಇಲ್ಲ. ಬಿಟ್ಟುಹೋದ ಈ ಯಂತ್ರದಲ್ಲಿ ಆಟ ಪ್ರತಿ ಸಲ ತೆರೆಯುವಾಗಲೂ ಕಂಪನಿಯನ್ನು ಕೇಳುತ್ತದೆ: ಇವರು ನಮ್ಮವರೇ ಹೌದೋ? ಥೆರಪಿ ಕೋಣೆ ಕಟ್ಟಡದ ಹಿಂಭಾಗದ ಕೆಳ ಅಂತಸ್ತಿನಲ್ಲಿದೆ, ಅಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಆಫೀಸಿನ ವೈಫೈ ಆಟಕ್ಕೆ ಕೊಡುವಂತಿಲ್ಲ. ಹಾಗಾಗಿ ತಾರಸಿ, ಹಾಗಾಗಿ ಹಾಜರಿ.

ಹೀಗೆ ನಡೆಯುತ್ತಿದ್ದಾಗಲೇ ಒಂದು ಬೆಳಿಗ್ಗೆ ನದಿಯ ಬದಲು ಪರದೆಯ ಮೇಲೆ ಉದ್ದದ ಬರಹ ಬಂತು. ಆಟದಕ್ಕ ಅದರ ಫೋಟೊ ತೆಗೆದುಕೊಂಡು ಮನೆಗೆ ಹೋಗಿ ಸೊಸೆಗೆ ತೋರಿಸಿದರು. ಸೊಸೆ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಅತ್ತೆಯ ಈ ಹಾಜರಿ ಪುರಾಣವನ್ನು ಬಲ್ಲವಳು. ಓದಿ ಮುಖ ಸಪ್ಪಗೆ ಮಾಡಿಕೊಂಡಳು.

"ಅತ್ತೆ, ಇದನ್ನ ನಿಲ್ಲಿಸ್ತಾರಂತೆ. ಈ ತಿಂಗಳ ಕೊನೆಗೆ ಸರ್ವರ್ ಮುಚ್ತಾರೆ."

"ಮುಚ್ಕೊಳ್ಳಲಿ ಬಿಡು. ಅವರ ಅಂಗಡಿ ಅವರು ಮುಚ್ತಾರೆ. ನಮ್ಮ ಆಟ ನಮ್ಮ ಹತ್ರ ಇದೆಯಲ್ಲ?"

"ಇದೆ. ಆದ್ರೆ ತೆರೆಯೋಕೆ ಅವರನ್ನ ಕೇಳ್ಬೇಕು. ಹೂಂ ಅನ್ನೋಕೆ ಅಲ್ಲಿ ಯಾರೂ ಇರಲ್ಲ."

"ಮತ್ತೆ ಅಷ್ಟು ದುಡ್ಡು ಕೊಟ್ಟು ಕೊಂಡಿದ್ದು?"

"ಕೊಂಡಿದ್ದು ಆಟ ಅಲ್ಲ ಅತ್ತೆ. ಆಡೋ ಪರ್ಮಿಷನ್ನು."

ಆಟದಕ್ಕ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲವಂತೆ. ಮಾರನೆಯ ದಿನ ಆಸ್ಪತ್ರೆಯ ಆಡಳಿತಾಧಿಕಾರಿಯ ಮೇಜಿನ ಮುಂದೆ ಹೋಗಿ ನಿಂತರು. ಆ ಬೀಗವನ್ನು ಮುರಿದು ಆಟವನ್ನು ಯಾರನ್ನೂ ಕೇಳದೆ ತೆರೆಯುವಂತೆ ಮಾಡುವವರು ಇದ್ದಾರೆ ಎಂದು ಸೊಸೆ ಹೇಳಿದ್ದಳು. ಅದನ್ನು ಮಾಡಿಸಬಹುದೇ? ಅಧಿಕಾರಿ ಕೆಟ್ಟವರೇನಲ್ಲ. ಕುರ್ಚಿ ತೋರಿಸಿ ಕೂರಿಸಿದರು, ಚಹಾ ತರಿಸಿದರು. ಆದರೆ ತಲೆಯಾಡಿಸಿದರು. ಬೀಗ ಒಡೆಸುವುದು ಕಾನೂನಿಗೆ ವಿರುದ್ಧ, ಆಸ್ಪತ್ರೆ ಅದಕ್ಕೆ ಕೈ ಹಾಕುವಂತಿಲ್ಲ.

"ನಮ್ಮನೆ ಬೀಗ ನಾವು ಒಡೆದ್ರೆ ಅದು ಕಳ್ಳತನ ಹೆಂಗಾಗುತ್ತೆ ಸಾರ್?"

"ಮನೆ ನಮ್ದಲ್ಲಮ್ಮ. ಬಾಡಿಗೆದು ಅಂದ್ಕೊಳ್ಳಿ."

"ಬಾಡಿಗೆ ಮನೆ ಅಂತ ಬಾಗಿಲಿಗೆ ಬೋರ್ಡು ಹಾಕಿರ್ಲಿಲ್ಲ ಸಾರ್. ಮಾರಾಟಕ್ಕಿದೆ ಅಂತಿತ್ತು."

ಅಧಿಕಾರಿಯೇ ಕೂತು ಕಂಪನಿಗೆ ಪತ್ರ ಬರೆದರು, ವಾರ್ಡಿನ ಕಥೆಯನ್ನೆಲ್ಲ ವಿವರಿಸಿ. ಪ್ರಿಯ ಗ್ರಾಹಕರೇ ಎಂದು ಶುರುವಾಗುವ ಉತ್ತರ ಬಂತು. ಇಷ್ಟು ವರ್ಷ ನಮ್ಮೊಂದಿಗೆ ಆಡಿದ್ದಕ್ಕೆ ಧನ್ಯವಾದ ಎಂದಿತ್ತು. ಹೊಸ ಯಂತ್ರ ಕೊಂಡರೆ ಹೊಸ ಆಟಗಳಿವೆ ಎಂದೂ ಇತ್ತು. ಹೊಸ ಯಂತ್ರದಲ್ಲಿ ಕಾರು ಓಡಿಸಬಹುದು, ಗುಂಡು ಹಾರಿಸಬಹುದು. ದೋಣಿಯಿಲ್ಲ, ನದಿಯಿಲ್ಲ. ಎಂಥ ಅನ್ಯಾಯ ನೋಡಿ, ಬೈಯೋಣವೆಂದರೆ ಎದುರಿಗೆ ಒಂದು ಮುಖವೂ ಇಲ್ಲ.

ದಾರಿ ಹೊಳೆದದ್ದು ಆಟದಕ್ಕನಿಗೇ. ಆಟ ಅನುಮತಿ ಕೇಳುವುದು ತೆರೆಯುವಾಗ ಮಾತ್ರ. ಒಮ್ಮೆ ತೆರೆದ ಮೇಲೆ ಕೇಳುವುದಿಲ್ಲ. ಹಾಗಿದ್ದರೆ ಮುಚ್ಚದಿದ್ದರೆ? "ಸೊಸೆನ ಕೇಳ್ದೆ. ಅವಳು, ಅತ್ತೆ, ಆಗ್ಬಹುದು, ಆದ್ರೆ ಒಂದೇ ಒಂದು ಸಲ ಆರಿದ್ರೂ ಕಥೆ ಮುಗೀತು ಅಂದ್ಳು." ತಿಂಗಳ ಕೊನೆಯ ಬೆಳಿಗ್ಗೆ ಅವರು ಕಡೆಯ ಬಾರಿ ತಾರಸಿಗೆ ಹೋಗಿ ನದಿಯನ್ನು ತೆರೆದರು. ಉಸಿರು ಬಿಗಿಹಿಡಿದು ಕೆಳಗಿಳಿಸಿ, ಬಾಗಿಲ ಬಳಿಯ ಸ್ವಿಚ್ ಬೋರ್ಡಿನ ಪ್ಲಗ್ಗಿಗೆ ಸಿಕ್ಕಿಸಿದರು. ಅವತ್ತಿನಿಂದ ಆ ಕೋಣೆಯಲ್ಲಿ ನದಿ ಹಗಲೂ ರಾತ್ರಿ ಹರಿಯತೊಡಗಿತು.

ಆಮೇಲೆ ಶುರುವಾಯಿತು ಕಾವಲು. ರಾತ್ರಿ ಪಾಳಿಯವರಿಗೆ, ಕಸ ಗುಡಿಸುವವರಿಗೆ, ಕರೆಂಟಿನ ಕೆಲಸದವರಿಗೆ, ಯಾರು ಸಿಕ್ಕಿದರೂ ಒಂದೇ ಮಾತು: "ಆ ಕೋಣೆ ಸ್ವಿಚ್ಚಿಗೆ ಕೈ ಹಾಕಿದ್ರೆ ನನ್ನಷ್ಟು ಕೆಟ್ಟವಳು ಇನ್ನೊಬ್ಳಿಲ್ಲ." ಅವರ ನಾಲಿಗೆಯ ಹರಿತ ಬಲ್ಲವರು ಆ ಬಾಗಿಲ ಹತ್ತಿರವೇ ಸುಳಿಯಲಿಲ್ಲ. ಸಂಜೆಯ ಮೇಲೆ ದೀಪ ಆರಿಸಲೂ ಎಲ್ಲರೂ ಹೆದರುತ್ತಿದ್ದರಿಂದ ಕೋಣೆಯ ಬಲ್ಬು ಬೆಳಗಿನವರೆಗೂ ಉರಿಯುತ್ತಿತ್ತು. ಕರೆಂಟು ಹೋದರೆ ಜನರೇಟರು ಹಿಡಿದುಕೊಳ್ಳುವ ತನಕದ ಆ ಒಂದು ಗಳಿಗೆಯಲ್ಲಿ ಆಟದಕ್ಕ ಎಲ್ಲಿದ್ದರೂ ಓಡಿಬಂದು ಪರದೆ ನೋಡುತ್ತಿದ್ದರು. ಮುದಿ ಬ್ಯಾಟರಿ ಆ ಗಳಿಗೆಯನ್ನು ಹೇಗೋ ದಾಟಿಸುತ್ತಿತ್ತು.

ಇತ್ತ ಮೇಸ್ತ್ರಿ ಹುಟ್ಟು ಹಾಕುತ್ತಲೇ ಇದ್ದರು. ಮೊದಮೊದಲು ದಡ ಬಿಡದೆ ಗಿರಕಿ ಹೊಡೆಯುತ್ತಿದ್ದ ದೋಣಿ ಈಗ ಸೊಟ್ಟಸೊಟ್ಟಗಾದರೂ ಮುಂದಕ್ಕೆ ಹೋಗುತ್ತದೆ. ನಡುನೀರಿನ ಮರಳದಿಬ್ಬವನ್ನು ಮುಟ್ಟಿದ ದಿನ ವಾರ್ಡಿನಲ್ಲಿ ಚಪ್ಪಾಳೆ ಬಿತ್ತು. ಅದನ್ನು ದಾಟಿದ ದಿನ ಅವರ ಬಲಗೈಯ ಹೆಬ್ಬೆರಳು ತಾನಾಗಿ ಹಿಡಿಯನ್ನು ಒತ್ತಿತು. ಥೆರಪಿ ಮೇಡಂ ಬ್ಯಾಂಡೇಜು ಬಿಚ್ಚಿ ನೋಡಿ, ಬೆರಳ ಕೆಂಪು ಗುರುತು ತೋರಿಸಿ, "ಇದು ಬ್ಯಾಂಡೇಜಿಂದಲ್ಲ, ನೀವೇ ಹಿಡಿದಿದ್ದು," ಎಂದಾಗ ಆ ಒರಟು ಮನುಷ್ಯ ಮಗುವಿನಂತೆ ಅತ್ತುಬಿಟ್ಟರು.

ಅದಾದ ಶನಿವಾರ ಮಧ್ಯಾಹ್ನ. ಭಾನುವಾರ ಆಟದಕ್ಕನ ವಾರದ ರಜೆ. ನೆಲ ಒರೆಸಿ, ಬಕೆಟ್ಟು ಎತ್ತಿಕೊಂಡು, ಮನಸ್ಸಿನಲ್ಲಿ ಮನೆಯ ಯಾವುದೋ ಕೆಲಸ ನೆನೆಯುತ್ತಾ ಕೋಣೆಯಿಂದ ಹೊರಬಿದ್ದರು. ಕೋಣೆ ಬಿಡುವವರು ಬಾಗಿಲ ಬಳಿಯ ಸ್ವಿಚ್ಚುಗಳನ್ನೆಲ್ಲ ಆರಿಸಿ ಹೋಗಬೇಕು ಎಂಬುದು ಅವರು ಕೆಲಸಕ್ಕೆ ಸೇರಿದ ದಿನ ಹಿರಿಯ ನರ್ಸಮ್ಮ ಕಲಿಸಿದ ಮೊದಲ ಪಾಠ. ಅಂದಿನಿಂದ ಇಂದಿನವರೆಗೆ ಆ ಕೈ ಎಷ್ಟು ಬಾಗಿಲುಗಳಲ್ಲಿ ಎಷ್ಟು ಸಲ ಹಾಗೆ ಹೋಗಿದೆಯೋ. ಅವತ್ತೂ ಹೋಯಿತು. ಅಂಗೈಯನ್ನು ಬೋರ್ಡಿನ ಮೇಲಿಂದ ಕೆಳಗೆ ಒಂದು ಸಲ ಸವರಿದರು, ಟಕಟಕಟಕ, ಬಾಗಿಲು ಎಳೆದುಕೊಂಡರು, ಹೊರಟರು.

"ಆರಿಸಿದ್ದು ನನಗೆ ಗೊತ್ತೇ ಇಲ್ಲ. ಇವತ್ತಿಗೂ ನೆನಪಿಲ್ಲ," ಎನ್ನುತ್ತಾರೆ. "ಸೋಮವಾರ ಬಂದು ನೋಡಿದ್ರೆ ಪರದೆ ಕಪ್ಪಗಿದೆ. ಯಾವನೋ ಅವನು ಅಂತ ಕಿರುಚಾಡಿದೆ. ರಾತ್ರಿ ಪಾಳಿಯವಳನ್ನ ಹಿಡಿದು ಬಾಯಿಗೆ ಬಂದಂಗೆ ಬೈದೆ. ಪಾಪ, ಅವಳು ಮೆಲ್ಲಗೆ ಅಂದ್ಳು, ಅಕ್ಕ, ಶನಿವಾರ ಸಂಜೆ ನಾನು ಬರೋವಾಗಲೇ ಕೋಣೆ ಕತ್ತಲಾಗಿತ್ತು, ನೀವೇ ಹೇಳಿದ್ರಲ್ಲ ಸ್ವಿಚ್ಚು ಮುಟ್ಬೇಡಿ ಅಂತ, ಅದಕ್ಕೆ ಹಾಕೋಕೂ ಹೋಗ್ಲಿಲ್ಲ ಅಂತ. ಅವಳ ಮಾತು ಕೇಳಿ ನನ್ನ ಕೈ ನಾನೇ ನೋಡ್ಕೊಂಡೆ."

ಯಂತ್ರಕ್ಕೆ ಒಂದಿಷ್ಟು ಚಾರ್ಜು ತುಂಬಿಸಿ ಅವರು ತಾರಸಿಗೆ ಓಡಿದರು. ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಓಡಿದರು. ಕಡ್ಡಿಗಳು ಏರಿದವು, ಚಕ್ರ ತಿರುಗಿತು. ಕೆಲವು ನಿಮಿಷ ತಿರುಗುತ್ತಲೇ ಇತ್ತು. ಆಮೇಲೆ ಬ್ಯಾಟರಿ ಮುಗಿದು ಅದೂ ನಿಂತಿತು. ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಅವರು ಮನಸಾರೆ ಅತ್ತರು. ಅದನ್ನು ಮುಚ್ಚಿಡುವುದಿಲ್ಲ. "ಗಂಡನ ಕೈ ಹೋದಾಗಲೂ ಇಷ್ಟು ಅತ್ತಿರ್ಲಿಲ್ಲ. ಅವಾಗ ನನಗೆ ಏನೂ ಗೊತ್ತಿರ್ಲಿಲ್ಲ. ಈಗ ಗೊತ್ತಿದ್ದೂ ಕಳೆದೆ."

ಮೇಸ್ತ್ರಿಗೆ ಹೇಳಬೇಕಿತ್ತು. ಕರೆಂಟು ಹೋಗಿತ್ತು ಎಂದೋ, ಯಂತ್ರ ಕೆಟ್ಟಿತು ಎಂದೋ ಹೇಳಬಹುದಿತ್ತು. ಅವರು ಮಂಚದ ಪಕ್ಕ ನಿಂತು, "ಮೇಸ್ತ್ರಿಗಳೇ, ನಾನೇ ಆರಿಸಿಬಿಟ್ಟೆ," ಎಂದರು. ಮೇಸ್ತ್ರಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಆಟದಕ್ಕ. "ಹೋಗ್ಲಿ ಬಿಡಿ ಅಕ್ಕ. ಮಗಳಿಗೆ ಫೋನ್ ಮಾಡ್ಸಿ, ಮನೆಗೆ ಕರ್ಕೊಂಡು ಹೋಗ್ಲಿ," ಎಂದಷ್ಟೇ ಹೇಳಿ ಅವರು ಗೋಡೆಯ ಕಡೆ ತಿರುಗಿದರು. ಮಧ್ಯಾಹ್ನದ ಊಟ ಮುಟ್ಟಲಿಲ್ಲ. ಬಲಗೈ ಮತ್ತೆ ಮಡಿಲು ಸೇರಿತು.

ಮನೆಯ ಮಂಚವೆಂದರೆ ಏನೆಂದು ಆಟದಕ್ಕನಿಗೆ ಗೊತ್ತು. ಅಲ್ಲಿ ಎಲ್ಲರೂ ಪ್ರೀತಿಸುತ್ತಾರೆ, ಯಾರೂ ಕೈ ಮುಟ್ಟುವುದಿಲ್ಲ.

ಮಂಗಳವಾರ ಅವರು ನೆಲ ಒರೆಸುವ ಎರಡು ಕೋಲುಗಳ ಬಟ್ಟೆ ಬಿಚ್ಚಿ, ತೊಳೆದು, ಒಣಗಿಸಿ ತಂದರು. ಮೇಸ್ತ್ರಿಯನ್ನು ಕೇಳದೆ ಕಾಯದೆ ಗಾಲಿಕುರ್ಚಿಗೆ ಕೂರಿಸಿ ಥೆರಪಿ ಕೋಣೆಗೆ ತಳ್ಳಿಕೊಂಡು ಬಂದರು. ಬಲಗೈಯನ್ನು ಕೋಲಿನ ತುದಿಗೆ ಬ್ಯಾಂಡೇಜಿನಿಂದ ಕಟ್ಟಿದರು, ಎಡಗೈಗೆ ಇನ್ನೊಂದು ಕೋಲು ಕೊಟ್ಟರು. ತಾವು ಎದುರಿಗೆ ಸ್ಟೂಲು ಹಾಕಿಕೊಂಡು ಕೂತು ಎರಡೂ ಕೋಲುಗಳ ಆಚೆ ತುದಿ ಹಿಡಿದರು.

"ಏನಕ್ಕ ಇದು ಹುಚ್ಚಾಟ? ಟಿ.ವಿ.ನಲ್ಲಿ ಏನೂ ಇಲ್ಲ."

"ಟಿ.ವಿ. ಯಾಕೆ? ನಾಲ್ಕು ವರ್ಷದಿಂದ ದಿನಾ ಆ ನದೀಲೇ ಇದ್ದೀನಿ. ಕಣ್ಮುಚ್ಕೊಳ್ಳಿ. ಈಚೆ ದಡದಲ್ಲಿದ್ದೀರಿ. ಬಲಗಡೆ ಜೊಂಡು ಇದೆ, ಎಡಗಡೆ ಒಡೆದ ಮೆಟ್ಟಿಲು. ಹೂಂ, ಎಳೀರಿ."

ಮೇಸ್ತ್ರಿ ಒಲ್ಲದ ಮನಸ್ಸಿನಿಂದ ಎಡಗೈ ಎಳೆದರು. "ಸುತ್ತು ಬಂತು ದೋಣಿ," ಎಂದರು ಆಟದಕ್ಕ. "ಬಲಗೈ ನಿದ್ದೆ ಮಾಡ್ತಿದೆ." ಮತ್ತೊಮ್ಮೆ. "ಜೊಂಡಿಗೆ ಸಿಕ್ಕಿದ್ರಿ. ಹಿಂದಕ್ಕೆ ತಳ್ಳಿ." ಕೋಲಿನ ಆ ತುದಿಯಲ್ಲಿ ಬಲಗೈ ಎಷ್ಟು ಎಳೆಯಿತು, ಎಷ್ಟು ಸೋಮಾರಿತನ ಮಾಡಿತು ಎಂಬುದು ಈ ತುದಿಯಲ್ಲಿ ಅವರ ಅಂಗೈಗೆ ತಿಳಿಯುತ್ತದೆ. ಅದಕ್ಕೆ ತಕ್ಕಂತೆ ದೋಣಿ ಮುಂದೆ ಹೋಗುತ್ತದೆ, ಇಲ್ಲವೇ ಗಿರಕಿ ಹೊಡೆಯುತ್ತದೆ. ಸ್ವಲ್ಪ ಹೊತ್ತಿಗೆ ಮೇಸ್ತ್ರಿಯ ಹಣೆಯಲ್ಲಿ ಬೆವರು. ಕಣ್ಣು ಮುಚ್ಚಿಯೇ ಇತ್ತು. "ಮುಂದೆ ಬಂಡೆ ಬರ್ಬೇಕಲ್ಲ?" ಎಂದು ಅವರೇ ಕೇಳಿದರು. "ಬಂತು ನೋಡಿ, ಬಲಗೈ ಗಟ್ಟಿಯಾಗಿ ಎಳೀರಿ," ಎಂದರು ಆಟದಕ್ಕ.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೋಲನ್ನು ಎಳೆಯಲು ಸ್ವಲ್ಪವಾದರೂ ಬಲ ಬೇಕು. ಹಗುರವಾದ ಆ ಪುಟ್ಟ ಹಿಡಿಗೆ ಬೆರಳಿನ ತುದಿ ಅಲುಗಿದರೂ ಸಾಕಿತ್ತು, ದೋಣಿ ನಡುಗುತ್ತಿತ್ತು, ಆಡುವವರಿಗೆ ಜೀವ ಬರುತ್ತಿತ್ತು. ಕಿಟಕಿಯ ಪಕ್ಕದ ಮಂಚದ ಹೆಂಗಸಿಗೆ ಈಗಷ್ಟೇ ಎರಡು ಬೆರಳು ಅಲುಗುತ್ತಿವೆ. ಅವರಿಗೆ ಈ ಕೋಲು ಕೆಲಸಕ್ಕೆ ಬಾರದು. ಬಣ್ಣದ ಗೂಟಗಳನ್ನು ದಿಟ್ಟಿಸುತ್ತಾ ಕೂರುತ್ತಾರೆ. "ಅವರ ಮುಖ ನೋಡೋಕೆ ನನಗೆ ಧೈರ್ಯ ಸಾಲಲ್ಲ," ಎನ್ನುತ್ತಾರೆ ಆಟದಕ್ಕ. ಥೆರಪಿ ಮೇಡಂ ಬೇರೆ ಸಾಧನಕ್ಕೆ ಅರ್ಜಿ ಹಾಕಿದ್ದಾರೆ, ಅದು ಬಂದಾಗ ಬರುತ್ತದೆ. ಸತ್ತ ಯಂತ್ರ ಬೀರುವಿನಲ್ಲಿದೆ. ಅದರಲ್ಲಿ ಆಟ ಇನ್ನೂ ಇದೆ, ಪೂರ್ತಿಯಾಗಿ, ಒಂದು ಹನಿ ನೀರೂ ಕಡಿಮೆಯಾಗದೆ. ತೆರೆಯುವ ಹಕ್ಕು ಮಾತ್ರ ಯಾರಿಗೂ ಇಲ್ಲ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಅವರು ನೆಲದ ಬಟ್ಟೆ ಹಿಂಡುತ್ತಲೇ ಉತ್ತರಿಸುತ್ತಾರೆ. ಸಂಬಳ, ಬಡ್ತಿ, ಸನ್ಮಾನ ಯಾವುದೂ ನೆನಪಿಗೆ ಬಂದಂತೆ ಕಾಣುವುದಿಲ್ಲ. "ಯಾರಾದ್ರೂ ಪುಣ್ಯಾತ್ಮರು ಇನ್ನೊಂದು ಆಟ ಕೊಡಿಸೋದಾದ್ರೆ, ಸಂಜೆ ಆರಿಸಿ ನೆಮ್ಮದಿಯಾಗಿ ಮನೆಗೆ ಹೋಗೋ ಅಂಥದ್ದು ಕೊಡಿಸ್ಲಿ. ಬೆಳಿಗ್ಗೆ ಬಂದು ಹಾಕಿದ್ರೆ ಹತ್ಕೋಬೇಕು. ಅಷ್ಟೇ."

ಮಾತಿನ ಮಧ್ಯೆಯೇ ಕೋಣೆಯೊಳಗಿಂದ ಮೇಸ್ತ್ರಿ ಕರೆಯುತ್ತಾರೆ. ಈಗ ಅವರೇ ಕುರ್ಚಿಯಲ್ಲಿ ಕೂತು ಕಾಯುತ್ತಿರುತ್ತಾರೆ. ಬಲಗೈಯ ಬ್ಯಾಂಡೇಜು ಮೊದಲಿನಷ್ಟು ಸುತ್ತು ಬೇಡುವುದಿಲ್ಲ. ಇಬ್ಬರೂ ಎದುರುಬದುರು ಕೂತು ಹೊರಡುತ್ತಾರೆ. ಜೊಂಡು, ಬಂಡೆ, ಮರಳದಿಬ್ಬ. ಮೇಸ್ತ್ರಿ ಏದುಸಿರು ಬಿಡುತ್ತಾ ಕೋಲು ನಿಲ್ಲಿಸಿ, ಒಂದು ಕಣ್ಣು ತೆರೆದು, ಎಂದೂ ನಗದ ಆ ಮುಖದಲ್ಲಿ ಸಣ್ಣ ನಗೆ ತಂದುಕೊಂಡು ಪುಸಲಾಯಿಸುತ್ತಾರೆ.

"ಅಕ್ಕ, ಈಗ ನದಿ ನಿಮ್ಮ ಬಾಯಲ್ಲೇ ಇದೆಯಲ್ಲ. ಇವತ್ತೊಂದು ದಿನ ದಡ ಸ್ವಲ್ಪ ಹತ್ರ ಮಾಡ್ಬಿಡಿ."

"ಆಗಲ್ಲ ಮೇಸ್ತ್ರಿಗಳೇ. ಆ ಕೈ ನಾಳೆ ಕರಣೆ ಹಿಡೀಬೇಕು, ಅದಕ್ಕೆ ಸುಳ್ಳು ಹೇಳಿಕೊಡಲ್ಲ ನಾನು," ಎನ್ನುತ್ತಾರೆ ಆಟದಕ್ಕ, ಕೋಲುಗಳ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. "ದಡ ಎಲ್ಲಿದೆಯೋ ಅಲ್ಲೇ ಇದೆ. ಎಷ್ಟು ದಿನ ಆಗುತ್ತೋ ಆಗ್ಲಿ, ಅಲ್ಲಿವರೆಗೂ ನಾನು ಇಲ್ಲೇ ಕೂತಿರ್ತೀನಿ. ಎಳೀರಿ."